ಒಂದೇ ಬೆಂಕಿ, ಎರಡು ಗತಿ: ನಿಂತುಹೋದ ಡೇಟಾಬೇಸ್ ಮತ್ತೆ ಏಳುವುದು ಹೇಗೆ?

2025ರ ಸೆಪ್ಟೆಂಬರ್ 26ರ ರಾತ್ರಿ ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಬೆಂಕಿ ಹೊತ್ತಿಕೊಂಡಿತು. ಐದನೇ ಮಹಡಿಯ ಸರ್ವರ್ ಕೋಣೆಯಿಂದ ಲಿಥಿಯಂ ಬ್ಯಾಟರಿಗಳನ್ನು ಬೇರೆ ಕಡೆಗೆ ಸಾಗಿಸುವ ಕೆಲಸ ನಡೆದಿತ್ತು. ಬೆಂಕಿ ಪೂರ್ತಿ ಆರಲು ಹೆಚ್ಚುಕಮ್ಮಿ 22 ಗಂಟೆ ಹಿಡಿಯಿತು. ಅಷ್ಟರಲ್ಲಿ ಸರ್ಕಾರದ 647 ಆನ್‌ಲೈನ್ ವ್ಯವಸ್ಥೆಗಳು ನಿಂತಿದ್ದವು. ಇದು ಮೊದಲ ಎಣಿಕೆ. ಆಮೇಲೆ ಮತ್ತೆ ಲೆಕ್ಕ ಹಾಕಿದಾಗ ಅದು 709 ಆಯಿತು.

ಓದುಗರಿಗೆ ಗೊಂದಲ ಆಗಿದ್ದು ನಂತರದ ಸುದ್ದಿಗಳಿಂದ. ಅಂಚೆ ಇಲಾಖೆಯ ಹಣಕಾಸು ಸೇವೆ ಎರಡೇ ದಿನದಲ್ಲಿ ಶುರುವಾಯಿತು. ಜನರ ಖಾತೆಯಲ್ಲಿದ್ದ ಹಣದ ಲೆಕ್ಕ ಹಾಗೇ ಇತ್ತು. ಆದರೆ ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ಸಂಗ್ರಹ ಸುಟ್ಟು ಹೋಯಿತು. ಅದರಲ್ಲಿದ್ದದ್ದು 858 ಟೆರಾಬೈಟ್. ಹೊರಗೆಲ್ಲೂ ಅದರ ಬ್ಯಾಕಪ್ ಇರಲಿಲ್ಲ.

ಒಂದೇ ಕಟ್ಟಡ, ಒಂದೇ ಬೆಂಕಿ. ಹಾಗಾದರೆ ಒಂದು ಸೇವೆ ಎರಡೇ ದಿನಕ್ಕೆ ಎದ್ದು ನಿಂತಿದ್ದು, ಇನ್ನೊಂದು ಬೂದಿಯಾಗಿದ್ದು ಯಾಕೆ? ಉತ್ತರದ ಮೊದಲ ತುಂಡು ಆ ಎಣಿಕೆಯಲ್ಲೇ ಇದೆ. 647ರಲ್ಲಿ ಬೆಂಕಿಗೆ ನೇರವಾಗಿ ಸಿಕ್ಕಿದ್ದು 96 ಮಾತ್ರ. ಉಳಿದ 551 ವ್ಯವಸ್ಥೆಗಳನ್ನು ಶಾಖದಿಂದ ಕೆಡಬಾರದು ಅಂತ ಅಧಿಕಾರಿಗಳೇ ಆಫ್ ಮಾಡಿದ್ದರು. ಅಂದರೆ ಯಂತ್ರ ನಿಂತಿತ್ತು, ಡಿಸ್ಕ್ ಚೆನ್ನಾಗಿತ್ತು. ಯಂತ್ರ ನಿಲ್ಲುವುದು ಬೇರೆ, ಡಿಸ್ಕ್ ಹೋಗುವುದು ಬೇರೆ. ಇವೆರಡರ ವ್ಯತ್ಯಾಸ ಗೊತ್ತಾಗಬೇಕಾದರೆ ಟ್ರಾನ್ಸಾಕ್ಷನ್ ಲಾಗ್ ಅಂದರೆ ಏನು ಅಂತ ತಿಳಿಯಬೇಕು.

ಮೊದಲು ಲಾಗ್, ಆಮೇಲೆ ಡೇಟಾ

ಡೇಟಾಬೇಸ್ ನಮ್ಮ ಬದಲಾವಣೆಯನ್ನು ಡಿಸ್ಕಿನಲ್ಲಿರುವ ಟೇಬಲ್‌ಗೆ ತಕ್ಷಣ ಬರೆಯುವುದಿಲ್ಲ. ಬರೆದರೆ ತುಂಬಾ ನಿಧಾನವಾಗುತ್ತದೆ. ಒಂದು ಖಾತೆಯ ವಿವರ ಡಿಸ್ಕಿನ ಒಂದು ಮೂಲೆಯಲ್ಲಿ, ಇನ್ನೊಂದರದ್ದು ಮತ್ತೊಂದು ಮೂಲೆಯಲ್ಲಿ ಇರುತ್ತದೆ. ಪ್ರತಿ ಸಲವೂ ಅಲ್ಲಿಗೆ ಹೋಗಿ ತಿದ್ದುತ್ತಾ ಕೂತರೆ ಸಾವಿರಾರು ಜನರ ಕೆಲಸ ಸಾಗುವುದಿಲ್ಲ. ಅದಕ್ಕೇ ಟೇಬಲ್‌ನ ಪುಟವನ್ನು ಮೆಮೊರಿಗೆ ತಂದುಕೊಂಡು ಅಲ್ಲೇ ತಿದ್ದಲಾಗುತ್ತದೆ. ಡಿಸ್ಕಿಗೆ ಆ ಪುಟ ಹೋಗುವುದು ಆಮೇಲೆ ಯಾವಾಗಲೋ.

ಆದರೆ ಕರೆಂಟ್ ಹೋದರೆ ಮೆಮೊರಿಯಲ್ಲಿದ್ದದ್ದೆಲ್ಲ ಹೋಗುತ್ತದೆ. ಅದಕ್ಕೆ ಪರಿಹಾರ ಲಾಗ್. ಹಳೆಯ ಅಂಗಡಿಗಳಲ್ಲಿ ಕಿರ್ದಿ ಪುಸ್ತಕ, ಖಾತೆ ಪುಸ್ತಕ ಅಂತ ಎರಡು ಇರುತ್ತಿದ್ದವು. ವ್ಯಾಪಾರ ನಡೆದ ಹಾಗೆ ಒಂದರ ಕೆಳಗೊಂದು ಕಿರ್ದಿಯಲ್ಲಿ ಬರೆಯುವುದು, ಬಿಡುವಾದಾಗ ಒಬ್ಬೊಬ್ಬ ಗಿರಾಕಿಯ ಖಾತೆಗೆ ಏರಿಸುವುದು. ಖಾತೆ ಪುಸ್ತಕ ಹಾಳಾದರೂ ಕಿರ್ದಿ ಇದ್ದರೆ ಮತ್ತೆ ಬರೆಯಬಹುದು. ಡೇಟಾಬೇಸಿನ ಲಾಗ್ ಮಾಡುವುದು ಆ ಕಿರ್ದಿಯ ಕೆಲಸವನ್ನೇ. ಬರೆಯುತ್ತಿರುವ ಕಡತದ ಕೊನೆಗೆ ಸೇರಿಸುತ್ತಾ ಹೋಗುವುದಷ್ಟೇ ಕೆಲಸ. ಹಾಗಾಗಿ ಬರವಣಿಗೆ ಬೇಗ ಮುಗಿಯುತ್ತದೆ.

ಇಲ್ಲಿ ಮುರಿಯಬಾರದ ನಿಯಮ ಎರಡು. ಒಂದು, ಬದಲಾವಣೆಯ ವಿವರ ಲಾಗ್‌ನಲ್ಲಿ ಡಿಸ್ಕಿಗೆ ಸೇರದೆ ಟೇಬಲ್‌ನ ಪುಟ ಡಿಸ್ಕಿಗೆ ಹೋಗಬಾರದು. ಎರಡು, ಕಮಿಟ್ ಆಯಿತು, ಅಂದರೆ ವಹಿವಾಟು ಪೂರ್ತಿ ಮುಗಿದು ಖಾಯಂ ಆಯಿತು ಎಂಬ ಸಾಲು ಲಾಗ್‌ನಲ್ಲಿ ಡಿಸ್ಕಿಗೆ ಮುಟ್ಟುವ ತನಕ 'ನಿಮ್ಮ ಕೆಲಸ ಆಯಿತು' ಅಂತ ಯಾರಿಗೂ ಹೇಳಬಾರದು. ಒರಾಕಲ್, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್ ಎಂಬ ಹೆಸರಾಂತ ಡೇಟಾಬೇಸ್ ತಂತ್ರಾಂಶಗಳೆಲ್ಲವೂ ನಿಂತಿರುವುದು ಈ ನಿಯಮಗಳ ಮೇಲೆ.

500 ರೂಪಾಯಿಯ ಒಂದು ವರ್ಗಾವಣೆ

ಹತ್ತಿರದಿಂದ ನೋಡೋಣ. ಒಂದೇ ಬ್ಯಾಂಕಿನಲ್ಲಿ ರಮ್ಯಾ ಅವರ ಖಾತೆಯಲ್ಲಿ 4,200 ರೂಪಾಯಿ, ಸಲೀಂ ಅವರ ಖಾತೆಯಲ್ಲಿ 900 ರೂಪಾಯಿ ಇದೆ ಅಂತಿಟ್ಟುಕೊಳ್ಳಿ. ರಮ್ಯಾ 500 ಕಳಿಸುತ್ತಾರೆ. ಲಾಗ್‌ನಲ್ಲಿ ಬೀಳುವ ಸಾಲುಗಳು ಹೆಚ್ಚುಕಮ್ಮಿ ಹೀಗಿರುತ್ತವೆ:

ವಹಿವಾಟು 101: ಶುರು.
ವಹಿವಾಟು 101: ರಮ್ಯಾ, ಹಳೆಯದು 4,200, ಹೊಸದು 3,700.
ವಹಿವಾಟು 102: ಶುರು.
ವಹಿವಾಟು 102: ಜೋಸೆಫ್, ಹಳೆಯದು 8,000, ಹೊಸದು 6,000.
ವಹಿವಾಟು 101: ಸಲೀಂ, ಹಳೆಯದು 900, ಹೊಸದು 1,400.
ವಹಿವಾಟು 101: ಕಮಿಟ್.

ಇಷ್ಟು ಹೊತ್ತಿಗೆ ಕರೆಂಟ್ ಹೋಯಿತು. 102ರ ಕೆಲಸ ಅರ್ಧಕ್ಕೆ ನಿಂತಿದೆ. ಈಗ ಡಿಸ್ಕಿನಲ್ಲಿರುವ ಟೇಬಲ್ ನೋಡಿದರೆ ಎಲ್ಲವೂ ಅಸ್ತವ್ಯಸ್ತ. ರಮ್ಯಾ ಅವರ ಪುಟ ಡಿಸ್ಕಿಗೆ ಹೋಗಿರಲೇ ಇಲ್ಲ, ಅಲ್ಲಿ ಇನ್ನೂ 4,200 ಇದೆ. ಜೋಸೆಫ್ ಅವರ ಪುಟ ಮಾತ್ರ ಅಕಸ್ಮಾತ್ ಹೋಗಿಬಿಟ್ಟಿದೆ, ಅಲ್ಲಿ 6,000 ಇದೆ. ಮುಗಿದ ಕೆಲಸ ಕಾಣುತ್ತಿಲ್ಲ, ಮುಗಿಯದ ಕೆಲಸ ಕಾಣುತ್ತಿದೆ. ಟೇಬಲ್ ಒಂದನ್ನೇ ನಂಬಿದರೆ ಲೆಕ್ಕ ತಪ್ಪುತ್ತದೆ.

ಯಂತ್ರ ಮತ್ತೆ ಶುರುವಾದಾಗ ಡೇಟಾಬೇಸ್ ಮೊದಲು ಲಾಗ್ ಓದುತ್ತದೆ. ಯಾವ ವಹಿವಾಟು ಮುಗಿದಿದೆ, ಯಾವುದು ಅರ್ಧಕ್ಕೆ ನಿಂತಿದೆ ಅಂತ ಪಟ್ಟಿ ಮಾಡಿಕೊಳ್ಳುತ್ತದೆ. ಆಮೇಲೆ ಲಾಗ್‌ನಲ್ಲಿರುವುದನ್ನೆಲ್ಲ ಮೊದಲಿನಿಂದ ಮತ್ತೆ ಮಾಡುತ್ತದೆ. ರಮ್ಯಾ 3,700, ಜೋಸೆಫ್ 6,000, ಸಲೀಂ 1,400. ಜೋಸೆಫ್ ಅವರದ್ದು ಮುಗಿಯದ ಕೆಲಸ ಅಲ್ವಾ, ಅದನ್ನು ಯಾಕೆ ಮಾಡಬೇಕು? ಕಾರಣ ಇದೆ. ನಿಂತ ಕ್ಷಣದಲ್ಲಿ ಸ್ಥಿತಿ ಹೇಗಿತ್ತೋ ಹಾಗೇ ಮೊದಲು ತಂದುಕೊಂಡರೆ, ಮುಂದಿನ ಹೆಜ್ಜೆಯಲ್ಲಿ ಗೊಂದಲ ಇರುವುದಿಲ್ಲ. ಮೂರನೆಯದಾಗಿ, ಕಮಿಟ್ ಆಗದ 102ನ್ನು ಹಿಂದಕ್ಕೆ ತಿರುಗಿಸಿ ಜೋಸೆಫ್ ಖಾತೆಗೆ 8,000 ವಾಪಸ್ ಬರೆಯುತ್ತದೆ. ಈಗ ಲೆಕ್ಕ ಸರಿಹೋಯಿತು.

ಈ ಮೂರು ಹೆಜ್ಜೆಯ ವಿಧಾನಕ್ಕೆ ಏರೀಸ್ ಎಂದು ಹೆಸರು. 1992ರಲ್ಲಿ ಐಬಿಎಂ ಸಂಶೋಧಕರು ಇದನ್ನು ಪ್ರಕಟಿಸಿದರು. ಆ ತಂಡದ ಮುಂದಾಳು ಐಐಟಿ ಮದ್ರಾಸಿನಲ್ಲಿ ಓದಿದ ಸಿ. ಮೋಹನ್. ಅವರ ತಂಡದ ಒಂದು ಸೊಗಸಾದ ಉಪಾಯ ಹೇಳಲೇಬೇಕು. ಹೀಗೆ ಸರಿಪಡಿಸುವ ಕೆಲಸ, ಅಂದರೆ ರಿಕವರಿ, ನಡೆಯುತ್ತಿರುವಾಗಲೇ ಮತ್ತೆ ಕರೆಂಟ್ ಹೋದರೆ? ಹಿಂದಕ್ಕೆ ತಿರುಗಿಸಿದ ಪ್ರತಿ ಕೆಲಸವನ್ನೂ ಅವರು ಲಾಗ್‌ಗೆ ಬರೆಸಿದರು. ಹಾಗಾಗಿ ಹತ್ತು ಸಲ ನಿಂತರೂ ಒಂದೇ ಕೆಲಸವನ್ನು ಎರಡು ಸಲ ತಿರುಗಿಸುವ ಭಯವಿಲ್ಲ.

ಎಲ್ಲ ಡೇಟಾಬೇಸ್‌ಗಳೂ ಇದನ್ನೇ ಅಕ್ಷರಶಃ ಪಾಲಿಸುವುದಿಲ್ಲ. ಪೋಸ್ಟ್‌ಗ್ರೆಸ್ ಹಳೆಯ ಸಾಲನ್ನು ಅಳಿಸದೆ ಪಕ್ಕದಲ್ಲೇ ಹೊಸ ಸಾಲು ಬರೆಯುತ್ತದೆ. ಆದ್ದರಿಂದ ಅದಕ್ಕೆ ಹಿಂದಕ್ಕೆ ತಿರುಗಿಸುವ ಹೆಜ್ಜೆ ಬೇಕಾಗುವುದಿಲ್ಲ. ಕಮಿಟ್ ಆಗದ ಸಾಲನ್ನು ಯಾರಿಗೂ ತೋರಿಸದಿದ್ದರೆ ಸಾಕು.

ಲಾಗ್ ದಿನವಿಡೀ ಬೆಳೆಯುತ್ತಲೇ ಇರುತ್ತದಲ್ಲ, ಎಲ್ಲಿಂದ ಓದಬೇಕು? ಅದಕ್ಕೆ ಚೆಕ್‌ಪಾಯಿಂಟ್ ಇದೆ. ಆಗಾಗ ಮೆಮೊರಿಯ ಪುಟಗಳನ್ನು ಡಿಸ್ಕಿಗೆ ಇಳಿಸಿ 'ಇಲ್ಲಿಯ ತನಕ ಎಲ್ಲ ಸೇರಿದೆ' ಅಂತ ಗುರುತು ಹಾಕಲಾಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ, ಯಾರೂ ಬದಲಿಸದಿದ್ದರೆ, 5 ನಿಮಿಷಕ್ಕೊಮ್ಮೆ ಇದು ನಡೆಯುತ್ತದೆ. ರಿಕವರಿ ಅಲ್ಲಿಂದಲೇ ಶುರು. ಆಫ್ ಆದ ಯಂತ್ರದ ಡಿಸ್ಕ್ ಚೆನ್ನಾಗಿದ್ದರೆ ಡೇಟಾಬೇಸ್ ಸಾಮಾನ್ಯವಾಗಿ ಬೇಗನೆ ಏಳುವುದು ಇದರಿಂದಲೇ.

ಡಿಸ್ಕೇ ಸುಟ್ಟರೆ?

ಇಲ್ಲಿಯ ತನಕ ಹೇಳಿದ್ದೆಲ್ಲ ಡಿಸ್ಕ್ ಉಳಿದಿದ್ದರೆ ಮಾತ್ರ. ಲಾಗ್ ಕೂಡ ಅದೇ ಯಂತ್ರದಲ್ಲಿದ್ದರೆ ಟೇಬಲ್ ಜೊತೆ ಅದೂ ಹೋಗುತ್ತದೆ. ಆ 96 ವ್ಯವಸ್ಥೆಗಳ ಕಷ್ಟ ಈ ಜಾತಿಯದ್ದು.

ಆಗ ಬೇಕಾಗುವುದು ಎರಡು ವಸ್ತು. ಇಡೀ ಡೇಟಾಬೇಸಿನ ಒಂದು ಪೂರ್ಣ ಬ್ಯಾಕಪ್. ಆ ಬ್ಯಾಕಪ್ ತೆಗೆದ ಕ್ಷಣದಿಂದ ಇಲ್ಲಿಯ ತನಕದ ಎಲ್ಲ ಲಾಗ್ ಕಡತಗಳು. ಎರಡೂ ಬೇರೆ ಜಾಗದಲ್ಲಿರಬೇಕು. ಭಾನುವಾರ ಮಧ್ಯರಾತ್ರಿ ಬ್ಯಾಕಪ್ ಆಗಿದೆ, ಬುಧವಾರ ಬೆಳಿಗ್ಗೆ 11.40ಕ್ಕೆ ಡಿಸ್ಕ್ ಹೋಯಿತು ಅನ್ನಿ. ಬ್ಯಾಕಪ್ ಮಾತ್ರ ಇದ್ದರೆ ಎರಡೂವರೆ ದಿನದ ವಹಿವಾಟು ಮಾಯ. ಲಾಗ್ ಕಡತಗಳೂ ಹೊರಗೆ ಸೇರಿದ್ದರೆ ಹೊಸ ಯಂತ್ರಕ್ಕೆ ಭಾನುವಾರದ ಪ್ರತಿ ಹಾಕಿ, ಅದರ ಮೇಲೆ ಲಾಗ್‌ಗಳನ್ನು ಒಂದೊಂದಾಗಿ ಓಡಿಸಿ 11.40ರ ಹತ್ತಿರಕ್ಕೆ ಬರಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಲಾಗ್ ಕಡತ 16 ಮೆಗಾಬೈಟ್. ಒಂದು ತುಂಬಿದ ಕೂಡಲೇ ಅದನ್ನು ಹೊರಗೆ ಸಾಗಿಸುತ್ತಾ ಇರುವ ವ್ಯವಸ್ಥೆ ಮಾಡಬೇಕು. ಅದು ತಾನಾಗಿ ಆಗುವುದಿಲ್ಲ, ಯಾರಾದರೂ ಆನ್ ಮಾಡಬೇಕು. ಎಷ್ಟೋ ಕಡೆ ಎಡವುವುದು ಈ ಜಾಗದಲ್ಲೇ.

ಇದೇ ವಿಧಾನ ಮನುಷ್ಯರ ತಪ್ಪಿಗೂ ಮದ್ದು. 11.42ಕ್ಕೆ ಯಾರೋ ಒಂದು ಟೇಬಲ್‌ನ ಎಲ್ಲ ಸಾಲುಗಳನ್ನು ಅಳಿಸಿಬಿಟ್ಟರೆ, ಲಾಗ್‌ಗಳನ್ನು 11.41ರ ತನಕ ಮಾತ್ರ ಓಡಿಸಿ ನಿಲ್ಲಿಸಬಹುದು. ಆಮೇಲೆ ಆದ ಸರಿಯಾದ ವಹಿವಾಟುಗಳನ್ನು ಬೇರೆಯಾಗಿ ಸೇರಿಸಬೇಕು ನಿಜ. ಆದರೂ ನಷ್ಟ ನಿಮಿಷಗಳಲ್ಲಿರುತ್ತದೆ, ದಿನಗಳಲ್ಲಿ ಅಲ್ಲ.

'ನಮ್ಮಲ್ಲಿ ಇನ್ನೊಂದು ಸರ್ವರ್‌ನಲ್ಲಿ ಅದೇ ಡೇಟಾ ಓಡುತ್ತಿದೆ, ಬ್ಯಾಕಪ್ ಯಾಕೆ?' ಅಂತ ಕೇಳುವವರು ಬಹಳ. ಆ ಇನ್ನೊಂದು ಸರ್ವರ್, ಅಂದರೆ ರಿಪ್ಲಿಕಾ, ಮೊದಲನೆಯದರ ಲಾಗ್ ಪಡೆದು ಅದನ್ನೇ ಮಾಡುತ್ತದೆ. ಯಂತ್ರ ಕೆಟ್ಟರೆ ಅದು ದೊಡ್ಡ ಆಸರೆ. ಆದರೆ ಅಳಿಸು ಎಂಬ ಆಜ್ಞೆಯೂ ಲಾಗ್‌ನಲ್ಲೇ ಹೋಗುತ್ತದೆ. ಇಲ್ಲಿ ಅಳಿಸಿದ್ದು ಅಲ್ಲೂ ಕ್ಷಣದಲ್ಲಿ ಅಳಿಯುತ್ತದೆ. ರಿಪ್ಲಿಕಾವನ್ನು ಬ್ಯಾಕಪ್ ಅಂತ ಲೆಕ್ಕ ಹಿಡಿಯುವುದು ಅಪಾಯದ ಕೆಲಸ.

ಜಿ-ಡ್ರೈವ್ ಕಥೆ ಇದಕ್ಕಿಂತ ಬೇರೆ. ಅದು ಡೇಟಾಬೇಸ್ ಅಲ್ಲ, ಕಡತಗಳ ಸಂಗ್ರಹ. ಪುನಃ ಓಡಿಸಲು ಬೇರೆ ಕಡೆ ಲಾಗ್ ಇರಲಿಲ್ಲ, ಓಡಿಸಲು ಆಧಾರವಾಗುವ ಪ್ರತಿಯೂ ಇರಲಿಲ್ಲ. ಗಾತ್ರ ದೊಡ್ಡದು, ಆದ್ದರಿಂದ ಹೊರಗೆ ಬ್ಯಾಕಪ್ ಇಡಲಾಗಲಿಲ್ಲ ಎಂದು ಸರ್ಕಾರ ವಿವರಿಸಿತು. ಕಡತಗಳನ್ನು ಸ್ವಂತ ಕಂಪ್ಯೂಟರ್‌ನಲ್ಲಿ ಇಡಬೇಡಿ, ಜಿ-ಡ್ರೈವ್‌ನಲ್ಲೇ ಇಡಿ ಎಂದು ನೌಕರರಿಗೆ ಹೇಳಲಾಗಿತ್ತು ಎಂಬುದನ್ನು ನೆನೆದರೆ ಈ ವಿವರಣೆ ಒಪ್ಪುವಂತಿಲ್ಲ. ಒಂದೇ ಜಾಗದಲ್ಲಿ ಇಡಿ ಎಂದವರ ಮೇಲೆ ಎರಡನೇ ಪ್ರತಿಯ ಹೊಣೆಯೂ ಬರುತ್ತದೆ.

ಗಿಟ್‌ಲ್ಯಾಬ್‌ನ ಆ ರಾತ್ರಿ

ಲಾಗ್ ಹೊರಗೆ ಸಾಗಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಡುವ ಗಿಟ್‌ಲ್ಯಾಬ್ ತಾಣದ 2017ರ ಜನವರಿ 31ರ ಪ್ರಕರಣಕ್ಕಿಂತ ಚೆನ್ನಾದ ದಾಖಲೆ ಸಿಗುವುದು ಕಷ್ಟ. ಕಂಪನಿಯೇ ಎಲ್ಲವನ್ನೂ ಬಿಚ್ಚಿ ಬರೆದು ಪ್ರಕಟಿಸಿತು. ರಿಪೇರಿಯನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿತು. ಆ ಪ್ರಾಮಾಣಿಕತೆಯಿಂದ ಎಷ್ಟೋ ಜನ ಕಲಿತರು.

ಅಂದು ಡೇಟಾಬೇಸಿನ ಮೇಲೆ ಹೊರೆ ವಿಪರೀತ ಏರಿತು. ಎರಡನೇ ಸರ್ವರ್ ಹಿಂದೆ ಬಿತ್ತು. ಅದಕ್ಕೆ ಬೇಕಾಗಿದ್ದ ಲಾಗ್ ಕಡತಗಳನ್ನು ಅಷ್ಟರಲ್ಲಿ ಮೊದಲ ಸರ್ವರ್ ತೆಗೆದುಹಾಕಿತ್ತು. ಜಾಗ ಉಳಿಸಲು ಪೋಸ್ಟ್‌ಗ್ರೆಸ್ ಹಳೆಯ ಲಾಗ್‌ಗಳನ್ನು ಹೀಗೆ ತೆಗೆಯುವುದು ಮಾಮೂಲು. ಅವುಗಳ ಪ್ರತಿ ಬೇರೆ ಕಡೆ ಇದ್ದಿದ್ದರೆ ಎರಡನೇ ಸರ್ವರ್ ಅಲ್ಲಿಂದ ಓದಿಕೊಂಡು ಹಾದಿಗೆ ಬರುತ್ತಿತ್ತು. ಇರಲಿಲ್ಲ. ಹಾಗಾಗಿ ಎರಡನೇ ಸರ್ವರ್‌ನ ಡೇಟಾವನ್ನು ಪೂರ್ತಿ ಅಳಿಸಿ ಹೊಸದಾಗಿ ತುಂಬಿಸಬೇಕಾಯಿತು. ತಡರಾತ್ರಿಯ ಆ ಒತ್ತಡದಲ್ಲಿ ಎಂಜಿನಿಯರ್ ಅಳಿಸುವ ಆಜ್ಞೆಯನ್ನು ಕೊಟ್ಟಿದ್ದು ಮೊದಲ ಸರ್ವರ್‌ನಲ್ಲಿ. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಗಿಗಾಬೈಟ್ ಹೋಗಿ ನಾಲ್ಕೂವರೆ ಗಿಗಾಬೈಟ್ ಉಳಿದಿತ್ತು.

ಬ್ಯಾಕಪ್ ಹುಡುಕಿದರು. ದಿನವೂ ತೆಗೆಯಬೇಕಿದ್ದ ಬ್ಯಾಕಪ್ ಇಟ್ಟ ಜಾಗ ಖಾಲಿ. ಬ್ಯಾಕಪ್ ತೆಗೆಯುವ ಸಾಧನದ ಆವೃತ್ತಿ 9.2, ಡೇಟಾಬೇಸಿನದು 9.6. ಎರಡೂ ಹೊಂದದೆ ಪ್ರತಿ ಸಲವೂ ಕೆಲಸ ಸೋಲುತ್ತಿತ್ತು. ಸೋತಿದೆ ಅಂತ ತಿಳಿಸುವ ಇಮೇಲ್‌ಗಳನ್ನು ಮೇಲ್ ವ್ಯವಸ್ಥೆ ತಿರಸ್ಕರಿಸುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಕಾಪಾಡಿದ್ದು, ಪರೀಕ್ಷೆಯ ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ಒಬ್ಬರು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ. ಅದನ್ನು ನಿಧಾನದ ಡಿಸ್ಕುಗಳಿಂದ ನಕಲು ಮಾಡಿ ಸೈಟ್ ಎಬ್ಬಿಸಲು ಸುಮಾರು 18 ಗಂಟೆ ಹಿಡಿಯಿತು. ಆ ಆರು ಗಂಟೆಗಳ ಬದಲಾವಣೆ ಮತ್ತೆ ಸಿಗಲಿಲ್ಲ. ಕಂಪನಿಯ ಅಂದಾಜಿನಂತೆ ಸುಮಾರು 5,000 ಪ್ರಾಜೆಕ್ಟ್‌ಗಳು, 5,000 ಕಾಮೆಂಟ್‌ಗಳು, 700 ಹೊಸ ಬಳಕೆದಾರರ ಖಾತೆಗಳಿಗೆ ಪೆಟ್ಟು ಬಿತ್ತು.

ಆ ಎಂಜಿನಿಯರ್ ಮೇಲೆ ತಪ್ಪು ಹೊರಿಸುವುದು ಸುಲಭ, ಆದರೆ ಅದು ಸರಿಯಲ್ಲ. ಹೊರಗೆ ಸಾಗಿಸಿದ ಲಾಗ್ ಇದ್ದಿದ್ದರೆ ಆ ಅಳಿಸುವ ಕೆಲಸವೇ ಬರುತ್ತಿರಲಿಲ್ಲ. ಪೂರ್ಣ ಬ್ಯಾಕಪ್ ಕೂಡ ಜೊತೆಗಿದ್ದಿದ್ದರೆ, ಅಳಿಸಿದ ಮೇಲೂ ನಷ್ಟ ಕೆಲವು ನಿಮಿಷಕ್ಕೆ ನಿಲ್ಲುತ್ತಿತ್ತು.

ಲಾಗ್ ಎಂಬ ಹೆಸರಿನಿಂದ ಆಗುವ ಇನ್ನೊಂದು ಅನಾಹುತವೂ ಇದೆ. ಡಿಸ್ಕ್ ತುಂಬಿದಾಗ 'ಲಾಗ್ ತಾನೇ, ಸುಮ್ನೆ ಜಾಗ ತಿನ್ನುತ್ತಿದೆ' ಅಂತ ಅಳಿಸಿಬಿಡುವವರಿದ್ದಾರೆ. ಹಾಗೆ ಮಾಡಿದರೆ ಡೇಟಾಬೇಸ್ ಏಳುವುದೇ ಇಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಇದು ಎಷ್ಟು ಸಲ ಆಯಿತೆಂದರೆ, 2017ರ 10ನೇ ಆವೃತ್ತಿಯಲ್ಲಿ ಆ ಫೋಲ್ಡರ್‌ನ ಹೆಸರನ್ನೇ ಪಿಜಿ-ಎಕ್ಸ್‌ಲಾಗ್ ಬದಲು ಪಿಜಿ-ವಾಲ್ ಎಂದು ಮಾಡಿದರು.

ವೇಗ ಬೇಕು ಎನ್ನುವವರು, ಭದ್ರತೆ ಬೇಕು ಎನ್ನುವವರು

ಇಷ್ಟೆಲ್ಲ ಗೊತ್ತಿದ್ದೂ ಎಲ್ಲರೂ ಯಾಕೆ ಪಕ್ಕಾ ಮಾಡುವುದಿಲ್ಲ? ಪ್ರತಿ ಭದ್ರತೆಗೂ ಬೆಲೆ ಇದೆ, ವಾದ ಇರುವುದು ಆ ಬೆಲೆಯ ಬಗ್ಗೆ.

ಮೊದಲ ವಾದ ಒಂದೇ ಯಂತ್ರದೊಳಗಿನದು. ಪ್ರತಿ ಕಮಿಟ್‌ಗೂ ಲಾಗ್ ಡಿಸ್ಕಿಗೆ ಮುಟ್ಟಲೇಬೇಕು ಅಂದರೆ ಕಾಯಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಇದಕ್ಕೊಂದು ಸೆಟ್ಟಿಂಗ್ ಇದೆ. 1 ಎಂದಿಟ್ಟರೆ ಪ್ರತಿ ಕಮಿಟ್‌ಗೂ ಡಿಸ್ಕಿಗೆ ಬರೆಯುತ್ತದೆ. 0 ಅಥವಾ 2 ಎಂದಿಟ್ಟರೆ ಸೆಕೆಂಡಿಗೊಮ್ಮೆ ಮಾತ್ರ. ವೇಗ ಜಾಸ್ತಿ, ಆದರೆ ಕರೆಂಟ್ ಹೋದರೆ ಸುಮಾರು ಒಂದು ಸೆಕೆಂಡಿನ ವಹಿವಾಟು ಹೋಗಬಹುದು. ಒಂದು ಫೋಟೊಗೆ ಎಷ್ಟು ಲೈಕ್ ಬಂತು ಎಂಬ ಲೆಕ್ಕಕ್ಕೆ ಇದು ನಡೆಯುತ್ತದೆ. ಹಣದ ಲೆಕ್ಕಕ್ಕೆ ನಡೆಯಬಾರದು. 'ಆಯಿತು' ಅಂತ ಗ್ರಾಹಕರಿಗೆ ಹೇಳಿದ ಮೇಲೆ ಇಲ್ಲ ಎನ್ನುವ ಅವಕಾಶವೇ ಇರಬಾರದು.

ಡಿಸ್ಕಿಗೆ ಮುಟ್ಟಿತು ಎಂಬ ಮಾತನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ ಅಂತ 2018ರಲ್ಲಿ ಗೊತ್ತಾಯಿತು. ಡಿಸ್ಕಿಗೆ ಬರೆಯುವಾಗ ತೊಂದರೆ ಆದರೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಅದನ್ನು ಒಂದು ಸಲ ಹೇಳಿ, ಮತ್ತೆ ಕೇಳಿದಾಗ ಎಲ್ಲ ಸರಿ ಎನ್ನುವ ಸಂದರ್ಭಗಳಿದ್ದವು. ಪೋಸ್ಟ್‌ಗ್ರೆಸ್ ಅದನ್ನು ನಂಬಿ ಮುಂದೆ ಹೋಗುತ್ತಿತ್ತು. 2019ರ ಫೆಬ್ರವರಿಯಲ್ಲಿ ಬಂದ ತಿದ್ದುಪಡಿಯ ನಂತರ ಅಂಥ ದೋಷ ಕಂಡ ಕೂಡಲೇ ಅದು ತಾನಾಗಿ ನಿಂತು, ಲಾಗ್‌ನಿಂದ ರಿಕವರಿ ಶುರು ಮಾಡುತ್ತದೆ. ತಪ್ಪು ಲೆಕ್ಕದೊಂದಿಗೆ ಓಡುವುದಕ್ಕಿಂತ ನಿಲ್ಲುವುದು ಮೇಲು ಎಂಬ ತೀರ್ಮಾನ ಅದು.

ಎರಡನೇ ವಾದ ದೂರದ್ದು. ಇನ್ನೊಂದು ಊರಿನ ಡೇಟಾ ಸೆಂಟರ್‌ಗೂ ಲಾಗ್ ಮುಟ್ಟಿದ ಮೇಲೆಯೇ 'ಆಯಿತು' ಎನ್ನಬೇಕು ಅಂತಿಟ್ಟುಕೊಳ್ಳಿ. ಆಪ್ಟಿಕಲ್ ಫೈಬರ್‌ನಲ್ಲಿ 100 ಕಿಲೋಮೀಟರ್ ಹೋಗಿ ಬರಲು ಸುಮಾರು ಒಂದು ಮಿಲಿಸೆಕೆಂಡ್. ಬೆಂಗಳೂರಿನಿಂದ ಮುಂಬೈಗೆ ನೇರ ರೇಖೆಯಲ್ಲೇ 800 ಕಿಲೋಮೀಟರ್ ಮೀರುತ್ತದೆ. ಅಂದರೆ ಪ್ರತಿ ಕಮಿಟ್‌ಗೂ 8 ಮಿಲಿಸೆಕೆಂಡಿಗೂ ಹೆಚ್ಚು ಕಾಯಬೇಕು. ಸೆಕೆಂಡಿಗೆ ಸಾವಿರಾರು ವಹಿವಾಟು ನಡೆಸುವವರಿಗೆ ಇದು ದೊಡ್ಡ ಹೊರೆ. ಕಾಯದೆ ಕಳಿಸಿದರೆ ವೇಗ ಉಳಿಯುತ್ತದೆ, ಆದರೆ ಬೆಂಕಿ ಬಿದ್ದ ಕ್ಷಣದಲ್ಲಿ ದಾರಿಯಲ್ಲಿದ್ದ ಲಾಗ್ ಕಳೆದುಹೋಗುತ್ತದೆ. ಬ್ಯಾಂಕುಗಳು ಕಂಡುಕೊಂಡ ನಡುದಾರಿ ಒಂದಿದೆ. ಹತ್ತಿರದಲ್ಲೇ ಒಂದು ಜಾಗಕ್ಕೆ ಕಾದು ಕಳಿಸುವುದು, ದೂರದ ಊರಿಗೆ ಕಾಯದೆ ಕಳಿಸುವುದು. ಖರ್ಚು ಜಾಸ್ತಿ. ಆದರೆ ಒಂದು ಕಟ್ಟಡ ಸುಟ್ಟರೂ ಲಾಗ್‌ನ ಕೊನೆಯ ಸಾಲು ಪಕ್ಕದ ಜಾಗದಲ್ಲಿ ಇರುತ್ತದೆ.

ಹಣ ಕಟ್ ಆಯಿತು, ಅತ್ತ ಸೇರಲಿಲ್ಲ

ಲಾಗ್ ಇಷ್ಟು ಗಟ್ಟಿ ಇದ್ದರೆ ಯುಪಿಐನಲ್ಲಿ ನಮ್ಮ ಹಣ ಕಟ್ ಆಗಿ ಅತ್ತ ಸೇರದೆ ಇರುವುದು ಯಾಕೆ? ಇದು ನ್ಯಾಯವಾದ ಪ್ರಶ್ನೆ. ಮೇಲಿನ ಉದಾಹರಣೆಯಲ್ಲಿ ಎರಡೂ ಖಾತೆ ಒಂದೇ ಬ್ಯಾಂಕಿನಲ್ಲಿದ್ದವು, ಲಾಗ್ ಒಂದೇ ಇತ್ತು. ಬ್ಯಾಂಕ್ ಎರಡಾದಾಗ ಲಾಗ್ ಕೂಡ ಎರಡು. ನಿಮ್ಮ ಬ್ಯಾಂಕಿನ ಲಾಗ್‌ನಲ್ಲಿ ಕಡಿತ ಕಮಿಟ್ ಆಗಿದೆ. ಹಣ ಪಡೆಯುವವರ ಬ್ಯಾಂಕಿಗೆ ಸಂದೇಶ ಹೋಗುವಷ್ಟರಲ್ಲಿ ಅದರ ಸರ್ವರ್ ನಿಂತಿತು. ಪ್ರತಿ ಬ್ಯಾಂಕಿನ ರಿಕವರಿ ತನ್ನ ಲಾಗ್‌ನಲ್ಲಿರುವುದನ್ನು ಮಾತ್ರ ಸರಿಪಡಿಸುತ್ತದೆ. ಎರಡರ ನಡುವಿನ ವ್ಯತ್ಯಾಸವನ್ನು ಆಮೇಲೆ ತಾಳೆ ನೋಡಿ ಸರಿಮಾಡಬೇಕು.

ಅದಕ್ಕೇ 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಗಡುವು ಹಾಕಿತು. ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದ ಹಣ ಸೇರದಿದ್ದರೆ ವಹಿವಾಟಿನ ಮರುದಿನದೊಳಗೆ ವಾಪಸ್ ಆಗಬೇಕು. ಅಂಗಡಿಗೆ ಕಳಿಸಿದ್ದಾದರೆ ಐದು ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಗ್ರಾಹಕರು ದೂರು ಕೊಡದಿದ್ದರೂ ಬ್ಯಾಂಕ್ ತಾನಾಗಿಯೇ ಇದನ್ನು ಕೊಡಬೇಕು.

ಮುಂದೆ ಏನಾಗಬಹುದು

ಕೊರಿಯಾಕ್ಕೆ ಇದು ಮೊದಲ ಪಾಠವಲ್ಲ. 2022ರ ಅಕ್ಟೋಬರ್ 15ರಂದು ಪಾಂಗ್ಯೊದ ಖಾಸಗಿ ಡೇಟಾ ಸೆಂಟರ್‌ನಲ್ಲಿ ಬ್ಯಾಟರಿ ಬೆಂಕಿಯಿಂದಲೇ ಕಾಕಾವ್ ಎಂಬ ಮೆಸೇಜಿಂಗ್ ಕಂಪನಿಯ ಸೇವೆಗಳು ಐದು ದಿನಕ್ಕೂ ಹೆಚ್ಚು ಕಾಲ ಏರುಪೇರಾಗಿದ್ದವು. ಆಗ ಸರ್ಕಾರ ಖಾಸಗಿಯವರಿಗೆ ಕಟ್ಟುನಿಟ್ಟು ಮಾಡಿತು. ಮೂರು ವರ್ಷಕ್ಕೆ ತನ್ನದೇ ಮನೆ ಸುಟ್ಟಿತು. ಇನ್ನು ಮುಂದೆ ಅಲ್ಲಿ ಎರಡನೇ ಜಾಗಕ್ಕೆ ಹಣ ಸುರಿಯುವುದು ಅನಿವಾರ್ಯ. ನಮ್ಮಲ್ಲೂ ಸರ್ಕಾರಿ ಸೇವೆಗಳು ಕೆಲವೇ ಡೇಟಾ ಸೆಂಟರ್‌ಗಳಿಗೆ ಸೇರುತ್ತಾ ಹೋದ ಹಾಗೆ ಇದೇ ಪ್ರಶ್ನೆ ಏಳುತ್ತದೆ.

ಭಾರತದ ಬ್ಯಾಂಕುಗಳ ಮಟ್ಟಿಗೆ ನಿಯಮ ಸ್ಪಷ್ಟವಾಗಿದೆ. ರಿಸರ್ವ್ ಬ್ಯಾಂಕ್ 2023ರ ನವೆಂಬರ್‌ನಲ್ಲಿ ಹೊರಡಿಸಿ 2024ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿರ್ದೇಶನದ ಪ್ರಕಾರ, ಮುಖ್ಯ ವ್ಯವಸ್ಥೆಗಳಿಗೆ ಕನಿಷ್ಠ ಆರು ತಿಂಗಳಿಗೊಮ್ಮೆ ಅಣಕು ಪರೀಕ್ಷೆ ನಡೆಯಬೇಕು. ಎರಡನೇ ಜಾಗಕ್ಕೆ ಬದಲಾಯಿಸಿ, ಬೆಳಗಿನಿಂದ ದಿನದ ಲೆಕ್ಕ ಮುಗಿಯುವ ತನಕ ಕನಿಷ್ಠ ಒಂದು ಪೂರ್ತಿ ಕೆಲಸದ ದಿನ ಅಲ್ಲಿಂದಲೇ ವ್ಯವಹಾರ ನಡೆಸಿ ನೋಡಬೇಕು. ಬ್ಯಾಕಪ್‌ಗಳನ್ನು ಆಗಾಗ ನಿಜವಾಗಿ ವಾಪಸ್ ತಂದು ಪರೀಕ್ಷಿಸಬೇಕು. ಗಿಟ್‌ಲ್ಯಾಬ್‌ನಲ್ಲಿ ಯಾರೂ ಮಾಡದೆ ಬಿಟ್ಟಿದ್ದು ಇದನ್ನೇ.

ಚಿಂತೆ ಇರುವುದು ಸಣ್ಣ ಬ್ಯಾಂಕುಗಳ ಬಗ್ಗೆ. ನಗರ ಸಹಕಾರ ಬ್ಯಾಂಕುಗಳಿಗೆ ಬೇರೆಯದೇ ಚೌಕಟ್ಟು ಇದೆ. ಸಣ್ಣ ಬ್ಯಾಂಕುಗಳಲ್ಲಿ ಬಹಳಷ್ಟು ತಮ್ಮ ಡೇಟಾಬೇಸನ್ನು ತಾವೇ ನಡೆಸುವುದಿಲ್ಲ, ಸೇವೆ ಕೊಡುವ ಒಂದು ಕಂಪನಿಗೆ ಒಪ್ಪಿಸಿರುತ್ತವೆ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಅಂಥ ಒಂದು ಕಂಪನಿಯ ಮೇಲೆ ರ‍್ಯಾನ್ಸಮ್‌ವೇರ್ (ಡೇಟಾಗೆ ಬೀಗ ಹಾಕಿ ಹಣ ಕೇಳುವ) ದಾಳಿ ಆದಾಗ, ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ಸೇವೆ ಒಟ್ಟಿಗೆ ನಿಂತಿತು. ಇಂಥ ಬ್ಯಾಂಕಿನ ನಿರ್ದೇಶಕ ಮಂಡಳಿ ಸೇವಾ ಕಂಪನಿಯನ್ನು ಮೂರು ಪ್ರಶ್ನೆ ಕೇಳಬೇಕು. ನಮ್ಮ ಲಾಗ್ ಎಷ್ಟು ನಿಮಿಷಕ್ಕೊಮ್ಮೆ ಹೊರಗೆ ಹೋಗುತ್ತಿದೆ? ಹೊರಗಿನ ಆ ಪ್ರತಿಗೂ ಮೂಲ ಡೇಟಾಬೇಸಿನ ಪಾಸ್‌ವರ್ಡ್‌ನಿಂದಲೇ ಕೈ ಹಾಕಬಹುದೇ? ಕೊನೆಯ ಸಲ ಅದನ್ನು ಖಾಲಿ ಯಂತ್ರದ ಮೇಲೆ ಓಡಿಸಿ ನೋಡಿದ್ದು ಯಾವ ದಿನ, ಎಷ್ಟು ಗಂಟೆ ಹಿಡಿಯಿತು? ಮೂರನೆಯದಕ್ಕೆ ತಾರೀಖು, ಗಂಟೆ ಸಮೇತ ಉತ್ತರ ಬರದಿದ್ದರೆ ಸಭೆಯ ನಡಾವಳಿಯಲ್ಲಿ ಅದನ್ನು ಬರೆಸಿ, ಮುಂದಿನ ಸಭೆಯೊಳಗೆ ಮಾಡಿ ತೋರಿಸಲು ಹೇಳಬೇಕು.